ಹಿಂದಿನ ಕೋಣೆಗೂ ವೈಫೈ ತಲುಪಲಿ: ಮಲೆನಾಡಿನ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ಚಿಕ್ಕಮಗಳೂರಿನಲ್ಲಿ ನಾನು ಕಂಡ ಹೆಚ್ಚಿನ ಮನೆಗಳಲ್ಲಿ ಬ್ರಾಡ್‌ಬ್ಯಾಂಡ್ ರೂಟರ್ ಇರುವುದು ಮುಂಬಾಗಿಲಿನ ಪಕ್ಕದ ಗೋಡೆಯ ಮೇಲೆ. ಸಂಪರ್ಕ ಕೊಡಲು ಬಂದವರು ರಸ್ತೆಯ ಕಂಬದಿಂದ ಫೈಬರ್ ಎಳೆದು, ಕಿಟಕಿಯ ಚೌಕಟ್ಟಿನ ಸಂದಿಯಿಂದ ಒಳಕ್ಕೆ ತೂರಿಸಿ, ಮೊದಲು ಕಂಡ ಪ್ಲಗ್ ಪಾಯಿಂಟಿನ ಮೇಲೆ ಎರಡು ಮೊಳೆ ಹೊಡೆದು ಪೆಟ್ಟಿಗೆಯನ್ನು ತೂಗುಹಾಕಿ ಹೋಗಿರುತ್ತಾರೆ. ಒಂದೇ ದಿನ ಹಲವು ಮನೆ ಸುತ್ತಬೇಕಾದ ಅವರಿಗೆ ಅದು ಅನುಕೂಲದ ಜಾಗ. ಮನೆಯವರ ಪಾಲಿಗೆ ಮಾತ್ರ, ರೂಟರಿನಿಂದ ಹೊರಟ ಅಲೆಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜಗಲಿಗೂ ರಸ್ತೆಗೂ ಹರಿದುಹೋಗುತ್ತವೆ. ಉಳಿದರ್ಧ ನಡುಮನೆಯ ದಪ್ಪ ಗೋಡೆಗೆ ಬಡಿದು ಸೊರಗುತ್ತವೆ.

ಬಸವನಹಳ್ಳಿ ಕಡೆಯ ನಮ್ಮ ಮನೆಯ ಮುಂಭಾಗ ಹಳೆಯ ಹಂಚಿನ ಮನೆ, ಒಂದೂವರೆ ಅಡಿ ದಪ್ಪದ ಗೋಡೆಗಳು. ಹಿಂಭಾಗ ಆಮೇಲೆ ಸೇರಿಸಿದ ತಾರಸಿ ಕಟ್ಟಡ. ಹಿಂದಿನ ಕೋಣೆಯಲ್ಲಿ ಓದುವ ಮಗಳು ವಿಡಿಯೋ ತರಗತಿಯ ಹೊತ್ತಿಗೆ ಅಡುಗೆಮನೆಯ ಹೊಸ್ತಿಲ ಬಳಿ ಬಂದು, ಉಪ್ಪಿನಕಾಯಿ ಭರಣಿಗೆ ಫೋನ್ ಒರಗಿಸಿಕೊಂಡು ಕೂರಬೇಕಿತ್ತು. ಭರಣಿಯನ್ನು ಒಂದು ಗೇಣು ಆಚೆ ಸರಿಸಿದರೂ ಮೇಷ್ಟ್ರ ಮುಖ ಚೌಕಚೌಕವಾಗಿ ಒಡೆದು, ಮಾತು ನಿಂತು ನಿಂತು ಬರುತ್ತಿತ್ತು. ನಾನು ಮಾಡಿದ ಮೊದಲ ಕೆಲಸವೆಂದರೆ 100 ಎಂಬಿಪಿಎಸ್ ಪ್ಲಾನನ್ನು 200ಕ್ಕೆ ಏರಿಸಿದ್ದು. ತಿಂಗಳ ಬಿಲ್ಲು ಏರಿತು. ಭರಣಿ ಇದ್ದಲ್ಲೇ ಇತ್ತು. ಆ ಅನುಭವದಿಂದಲೇ ಇಲ್ಲಿ ಹೇಳುವ ಕ್ರಮ ಹುಟ್ಟಿದೆ: ಮೊದಲು ಅಳೆಯುವುದು, ಆಮೇಲೆ ಸರಿಸುವುದು, ಆಮೇಲೆ ಸೆಟ್ಟಿಂಗ್ ತಿದ್ದುವುದು, ಇಷ್ಟಾದ ಮೇಲೂ ಕೊರತೆ ಉಳಿದರೆ ಮಾತ್ರ ಅಂಗಡಿಯ ಮೆಟ್ಟಿಲು ಹತ್ತುವುದು.

ದೋಷ ಲೈನಿನದೋ, ವೈಫೈನದೋ?

ಈ ಎರಡನ್ನು ಬೇರ್ಪಡಿಸದೆ ಮುಂದೆ ಹೋದರೆ ಶ್ರಮವೆಲ್ಲ ವ್ಯರ್ಥ. ಲ್ಯಾಪ್‌ಟಾಪನ್ನು ಈಥರ್‌ನೆಟ್ ಕೇಬಲಿನಿಂದ ನೇರವಾಗಿ ರೂಟರಿನ ಲ್ಯಾನ್ ಪೋರ್ಟಿಗೆ (ಮನೆಯ ಸಾಧನಗಳ ಕೇಬಲ್ ಚುಚ್ಚುವ ಕಿಂಡಿಗೆ) ಜೋಡಿಸಿ, ಲ್ಯಾಪ್‌ಟಾಪಿನ ವೈಫೈ ಆಫ್ ಮಾಡಿ, ಮನೆಯ ಉಳಿದ ಫೋನ್, ಟಿವಿಗಳನ್ನೂ ಸ್ವಲ್ಪ ಹೊತ್ತು ಸಂಪರ್ಕದಿಂದ ತೆಗೆದು, ಸ್ಪೀಡ್ ಟೆಸ್ಟ್ ಮಾಡಿ. ಬೆಳಿಗ್ಗೆ ಒಮ್ಮೆ, ರಾತ್ರಿ ಒಂಬತ್ತರ ಸುಮಾರಿಗೆ ಒಮ್ಮೆ ಮಾಡಿ ಎರಡನ್ನೂ ಬರೆದಿಟ್ಟುಕೊಳ್ಳಿ. ಪ್ಲಾನಿನಲ್ಲಿ ಹೇಳಿದ ವೇಗ ಕೇಬಲಿನಲ್ಲಿ ಸಿಗುತ್ತಿದ್ದು ಕೋಣೆಯಲ್ಲಿ ಸಿಗುತ್ತಿಲ್ಲವಾದರೆ ದೋಷ ಮನೆಯೊಳಗಿನದು; ಕೇಬಲಿನಲ್ಲೂ ಸಿಗದಿದ್ದರೆ ಕಂಪನಿಗೆ ದೂರು ಕೊಡುವುದೇ ದಾರಿ. ಲ್ಯಾಪ್‌ಟಾಪ್ ಇಲ್ಲದವರು ರೂಟರಿನಿಂದ ನಾಲ್ಕೈದು ಅಡಿ ದೂರ ನಿಂತು ಫೋನನ್ನು ರೂಟರಿನ 5 ಗಿಗಾಹರ್ಟ್ಸ್ ವೈಫೈ ಹೆಸರಿಗೆ (ಅದೇನೆಂದು ಮುಂದೆ ಹೇಳಿದೆ) ಜೋಡಿಸಿ ನೋಡಬಹುದು.

ಇಲ್ಲಿ ಒಂದು ಲೆಕ್ಕ ಗೊತ್ತಿರಬೇಕು. ಕಂಪನಿ ಹೇಳುವುದು ಮೆಗಾಬಿಟ್. ಫೈಲ್ ಇಳಿಸುವಾಗ ಪರದೆಯ ಮೇಲೆ ಸಾಮಾನ್ಯವಾಗಿ ಕಾಣುವುದು ಮೆಗಾಬೈಟ್. 8 ಬಿಟ್ ಸೇರಿದರೆ 1 ಬೈಟ್ ಆಗುವುದರಿಂದ 100 ಎಂಬಿಪಿಎಸ್ ಪ್ಲಾನಿನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 12.5 ಮೆಗಾಬೈಟ್ ಇಳಿಯುತ್ತದೆ, ಅದರಲ್ಲಿ ಮೋಸವಿಲ್ಲ. ಪ್ಲಾನ್ 200 ಇದ್ದೂ ಕೇಬಲಿನಲ್ಲಿ 95ರ ಆಸುಪಾಸಿನಲ್ಲೇ ಗಟ್ಟಿಯಾಗಿ ನಿಂತುಬಿಟ್ಟರೆ, ರೂಟರಿನ ಪೋರ್ಟು 100 ಎಂಬಿಪಿಎಸ್‌ನ ಹಳೆಯ ಮಾದರಿಯದಿರಬೇಕು, ಇಲ್ಲವೇ ಕೇಬಲಿನ ಎಂಟು ಎಳೆಗಳಲ್ಲಿ ಒಂದು ಕಡಿದಿರಬೇಕು. ನಮ್ಮ ಮನೆಯಲ್ಲಿ ಆಗಿದ್ದು ಎರಡನೆಯದು.

ಪೆಟ್ಟಿಗೆಯ ದೀಪಗಳನ್ನೂ ಗಮನಿಸಿ. ಎಲ್‌ಒಎಸ್ ಎಂಬ ದೀಪ ಕೆಂಪಗೆ ಹೊಳೆದರೆ ಫೈಬರಿನಲ್ಲಿ ಬೆಳಕು ಬರುತ್ತಿಲ್ಲವೆಂದು ಅರ್ಥ. ಜೂನ್‌ನಿಂದ ಆಗಸ್ಟ್‌ವರೆಗಿನ ಮಳೆಗಾಳಿಯಲ್ಲಿ ಸಿಲ್ವರ್ ಓಕ್ ಕೊಂಬೆ ಬಿದ್ದು ತಂತಿ ಎಳೆದಾಡುವುದು ನಮ್ಮ ಕಡೆ ಮಾಮೂಲು. ರೂಟರಿನ ಸೆಟ್ಟಿಂಗ್ ಪುಟದಲ್ಲಿ ಆಪ್ಟಿಕಲ್ ಪವರ್ ಎಂಬ ಅಂಕಿ ಇದ್ದರೆ ಅದನ್ನೂ ನೋಡಿ: ಮನೆಗಳಿಗೆ ಫೈಬರ್ ಸಂಪರ್ಕ ಕೊಡುವ ಸಾಮಾನ್ಯ ಜಿಪಾನ್ ಬಗೆಯ ಪೆಟ್ಟಿಗೆಗಳಿಗೆ −8ರಿಂದ −27 ಡಿಬಿಎಂವರೆಗಿನ (ಡಿಬಿಎಂ ಎಂದರೆ ಸಿಗ್ನಲಿನ ಬಲದ ಅಳತೆ) ಬೆಳಕು ಸಾಕು, −27ರ ಅಂಚಿಗೆ ಬಂದಿದ್ದರೆ ಎಲ್ಲೋ ಕೇಬಲ್ ಮಡಚಿದೆ ಅಥವಾ ಜೋಡಣೆ ಸಡಿಲಾಗಿದೆ. ದೂರು ಕೊಡುವಾಗ ‘ನೆಟ್ ನಿಧಾನ’ ಎನ್ನುವುದಕ್ಕಿಂತ ಈ ಅಂಕಿಯನ್ನು ಹೇಳಿದರೆ ಲೈನ್‌ಮನ್ ಏಣಿಯ ಸಮೇತ ಬರುತ್ತಾರೆ.

ಮನೆಯ ನಕ್ಷೆ ಬರೆದು ಸಿಗ್ನಲ್ ಅಳೆಯುವುದು

ಫೋನಿನ ಮೂಲೆಯಲ್ಲಿ ಕಾಣುವ ಮೂರು ನಾಲ್ಕು ಗೆರೆಗಳನ್ನು ನಂಬಬೇಡಿ. ಒಂದೊಂದು ಫೋನಿನದು ಒಂದೊಂದು ಲೆಕ್ಕ. ಆಂಡ್ರಾಯ್ಡ್ ಫೋನಿನಲ್ಲಿ ವೈಫೈ ಅನಲೈಸರ್ ಬಗೆಯ ಒಂದು ಉಚಿತ ಆ್ಯಪ್ ಹಾಕಿಕೊಂಡರೆ ಸಿಗ್ನಲಿನ ಬಲ ಡಿಬಿಎಂ ಅಂಕಿಯಲ್ಲಿ ಕಾಣುತ್ತದೆ. ಐಫೋನಿನವರು ಆ್ಯಪಲ್‌ನ ಏರ್‌ಪೋರ್ಟ್ ಯುಟಿಲಿಟಿ ಆ್ಯಪನ್ನು ಹಾಕಿಕೊಂಡು, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಅದರ ವೈಫೈ ಸ್ಕ್ಯಾನರನ್ನು ಚಾಲೂ ಮಾಡಬೇಕು. ಅಂಕಿಯ ಹಿಂದೆ ಮೈನಸ್ ಇರುವುದರಿಂದ ಸೊನ್ನೆಗೆ ಹತ್ತಿರವಿದ್ದಷ್ಟೂ ಬಲ ಹೆಚ್ಚು. −50 ಅತ್ಯುತ್ತಮ, −67ರವರೆಗೆ ವಿಡಿಯೋ ಕರೆ ಚೆನ್ನಾಗಿ ನಡೆಯುತ್ತದೆ, −75 ದಾಟಿದರೆ ತಡವರಿಕೆ, −80ರ ಆಚೆ ಸಂಪರ್ಕ ಇದೆಯೆಂದು ಫೋನ್ ಹೇಳಿದರೂ ಕೆಲಸಕ್ಕೆ ಬಾರದು. ಇನ್ನೊಂದು ವಿಷಯ: ಈ ಅಳತೆ ಗುಣಾಕಾರದ್ದು. 10 ಅಂಕಿ ಇಳಿದರೆ ಬಲ ಹತ್ತನೆಯ ಒಂದು ಭಾಗಕ್ಕೂ, 20 ಇಳಿದರೆ ನೂರನೆಯ ಒಂದು ಭಾಗಕ್ಕೂ ಕುಸಿದಿದೆ ಎಂದು ತಿಳಿಯಬೇಕು.

ಹಳೆಯ ಕ್ಯಾಲೆಂಡರಿನ ಹಾಳೆ ತಿರುಗಿಸಿ ಮನೆಯ ನಕ್ಷೆ ಗೀಚಿಕೊಳ್ಳಿ. ಪ್ರತಿ ಕೋಣೆಯಲ್ಲಿ ನೀವು ನಿಜವಾಗಿ ಕೂರುವ ಜಾಗದಲ್ಲಿ, ಫೋನನ್ನು ಎಂದಿನಂತೆ ಹಿಡಿದು, ಅರ್ಧ ನಿಮಿಷ ನಿಂತು ಅಂಕಿ ಬರೆಯಿರಿ. ಆಂಡ್ರಾಯ್ಡ್ 9ರಿಂದ ಈಚೆಗೆ ಇಂಥ ಆ್ಯಪ್‌ಗಳು 2 ನಿಮಿಷಕ್ಕೆ 4 ಬಾರಿ ಮಾತ್ರ ಸುತ್ತಲಿನ ಸಿಗ್ನಲ್ ಹುಡುಕಬಹುದೆಂಬ ಮಿತಿ ಇರುವುದರಿಂದ, ನಡೆಯುತ್ತ ನಡೆಯುತ್ತ ನೋಡಿದರೆ ಹಿಂದಿನ ಕೋಣೆಯ ಅಂಕಿ ಮುಂದಿನ ಕೋಣೆಯಲ್ಲಿ ಕಾಣಿಸಿ ದಾರಿ ತಪ್ಪಿಸುತ್ತದೆ. ನನ್ನ ಹಾಳೆಯಲ್ಲಿ ಪಡಸಾಲೆ −44, ನಡುಮನೆ −59, ಅಡುಗೆಮನೆಯ ಹೊಸ್ತಿಲು −72, ಹಿಂದಿನ ಕೋಣೆ −83 ಎಂದಿತ್ತು. ಪಡಸಾಲೆಗೂ ನಡುಮನೆಗೂ ನಡುವಿನ ಅಂತರ ಎಂಟು ಹೆಜ್ಜೆ ಮಾತ್ರ. ಆದರೂ 15 ಅಂಕಿ ಕಳೆದಿದ್ದವು. ಅದರಲ್ಲಿ ದೊಡ್ಡ ಪಾಲು ನುಂಗಿದ್ದು ಆ ಒಂದು ಗೋಡೆ. ಶತ್ರು ಯಾರೆಂದು ಗೊತ್ತಾಗುವುದು ಹೀಗೆ.

ಪೆಟ್ಟಿಗೆಯ ಜಾಗ ಬದಲಿಸುವುದು

ಒಂದು ರೂಪಾಯಿ ಖರ್ಚಿಲ್ಲದೆ ಅತಿ ಹೆಚ್ಚು ಫಲ ಕೊಡುವ ಹೆಜ್ಜೆ ಇದೇ, ಜನ ಅತಿ ಕಡಿಮೆ ಮಾಡುವುದೂ ಇದನ್ನೇ. ರೂಟರ್ ಮನೆಯ ನಡುವಿರಬೇಕು, ನೆಲದಿಂದ ಐದಾರು ಅಡಿ ಎತ್ತರದಲ್ಲಿರಬೇಕು, ಅದರ ಸುತ್ತ ಬಯಲಿರಬೇಕು. ಟಿವಿಯ ಹಿಂದೆ, ಉಕ್ಕಿನ ಬೀರುವಿನ ಮೇಲೆ, ಫ್ರಿಜ್ಜಿನ ಪಕ್ಕ, ಷೋಕೇಸಿನ ಒಳಗೆ ಇಡುವುದು ಬೇಡ. ಲೋಹ ಅಲೆಯನ್ನು ತಿರುಗಿಸಿ ಕಳಿಸುತ್ತದೆ. ದೊಡ್ಡ ಕನ್ನಡಿಯ ಹಿಂಬದಿಯ ಲೇಪವೂ ಲೋಹವೇ. ನೀರು ಅಲೆಯನ್ನು ಹೀರುತ್ತದೆ, ಆದ್ದರಿಂದ ಮೀನಿನ ತೊಟ್ಟಿ, ನೀರಿನ ಡ್ರಮ್ಮು, ಬಚ್ಚಲುಮನೆಯ ಹಸಿ ಗೋಡೆ ನಡುವೆ ಬರದಂತೆ ನೋಡಿಕೊಳ್ಳಬೇಕು. ಮಳೆಗಾಲದಲ್ಲಿ ಮಣ್ಣಿನ ಗೋಡೆ ತೇವ ಕುಡಿದಾಗ ನಮ್ಮ ಹಿಂದಿನ ಕೋಣೆಯ ಅಂಕಿ ಬೇಸಿಗೆಗಿಂತ ಎರಡು ಮೂರು ಕೆಳಗಿಳಿಯುತ್ತದೆ. ಹಾಗಾಗಿ ಅಂಚಿನ ಅಂಕಿಗೆ ತೃಪ್ತಿಪಡದೆ ಸ್ವಲ್ಪ ಉಳಿಕೆ ಇಟ್ಟುಕೊಳ್ಳುವುದು ಒಳ್ಳೆಯದು.

ಅಲೆ ಗೋಡೆಯನ್ನು ದಾಟಲೇಬೇಕಾದರೆ ನೇರವಾಗಿ ದಾಟಲಿ. ಗೋಡೆಗೆ ಓರೆಯಾಗಿ ಹೊಕ್ಕರೆ ಒಂದೂವರೆ ಅಡಿಯ ಗೋಡೆಯೇ ಎರಡೂವರೆ ಅಡಿಯಾದಂತೆ. ರೂಟರನ್ನು ಬಾಗಿಲಿನ ನೇರಕ್ಕೆ ತಂದರೆ ಗೋಡೆಯ ತಂಟೆಯೇ ಇಲ್ಲ, ಏಕೆಂದರೆ ಮರದ ಬಾಗಿಲು, ತೆರೆದ ಬಾಗಿಲಂತೂ ಇನ್ನೂ ಚೆನ್ನಾಗಿ, ಅಲೆಯನ್ನು ಬಿಟ್ಟುಕೊಡುತ್ತದೆ. ತೊಟ್ಟಿ ಮನೆ ಇರುವವರಿಗೆ ಇಲ್ಲೊಂದು ಅನುಕೂಲ: ತೊಟ್ಟಿಯ ಸುತ್ತಲಿನ ಪಡಸಾಲೆಯ ಕಂಬಕ್ಕೆ, ಮಳೆ ಎರಚಲು ಬೀಳದ ಕಡೆ ರೂಟರ್ ಕಟ್ಟಿದರೆ ನಾಲ್ಕೂ ದಿಕ್ಕಿನ ಕೋಣೆಗಳಿಗೆ ಬಾಗಿಲ ಮೂಲಕವೇ ಸಿಗ್ನಲ್ ಸಿಗುತ್ತದೆ. ಹೆಂಚಿನ ಮಾಡಿನಿಂದ ಅಷ್ಟೇನೂ ತೊಂದರೆಯಿಲ್ಲ. ಕಂಬಿ ಹಾಕಿದ ತಾರಸಿ ಮತ್ತು ತಗಡಿನ ಮಾಡು ಮಾತ್ರ ಬೇರೆಯೇ ಜಾತಿ; ಎರಡು ಅಂತಸ್ತಿನ ಮನೆಯಲ್ಲಿ ಮೆಟ್ಟಿಲು ಹತ್ತುವ ತೆರಪಿನ ಬಳಿ ಪೆಟ್ಟಿಗೆ ಇಡುವುದು ಜಾಣತನ.

ಹೊರಗೆ ಕಡ್ಡಿ ಆಂಟೆನಾ ಇರುವ ರೂಟರಿನಲ್ಲಿ ಅಲೆ ಹರಡುವ ಆಕಾರ ಉದ್ದಿನ ವಡೆಯಂತಿರುತ್ತದೆ, ಕಡ್ಡಿ ಆ ವಡೆಯ ತೂತಿನಲ್ಲಿ ಚುಚ್ಚಿದಂತೆ. ಕಡ್ಡಿ ನೆಟ್ಟಗಿದ್ದರೆ ಅಲೆ ಅದೇ ಅಂತಸ್ತಿನಲ್ಲಿ ಅಗಲವಾಗಿ ಹರಡುತ್ತದೆ. ಮಹಡಿಗೂ ಬೇಕಾದರೆ ಒಂದು ಕಡ್ಡಿಯನ್ನು ಅಡ್ಡ ಮಲಗಿಸಿ. ಕಡ್ಡಿಯ ತುದಿಯನ್ನು ಕೋಣೆಯ ಕಡೆ ಬಂದೂಕಿನಂತೆ ಗುರಿಯಿಡುವವರಿದ್ದಾರೆ. ಅದು ತೂತಿನ ದಿಕ್ಕು, ಅಲ್ಲಿ ಸಿಗುವುದು ಅತಿ ಕಡಿಮೆ.

ಫೈಬರ್ ಕೇಬಲ್ ಗಿಡ್ಡವಾಗಿದ್ದರೆ ಏನು ಮಾಡುವುದೆಂಬ ಪ್ರಶ್ನೆ ಬರುತ್ತದೆ. ಪೆಟ್ಟಿಗೆಗೆ ಬಂದು ಸೇರುವ ಹಸಿರು ಮೂತಿಯ ತಂತಿಯ ಒಳಗಿರುವುದು ಕೂದಲೆಳೆಯಂಥ ಗಾಜು. ಅದನ್ನು ಎಳೆಯಬಾರದು, ಬಳೆಗಿಂತ ಚಿಕ್ಕ ಸುತ್ತು ಸುತ್ತಬಾರದು, ಮೂತಿಯ ತುದಿಯನ್ನು ಬೆರಳಿನಿಂದ ಮುಟ್ಟಬಾರದು; ಅದರೊಳಗೆ ಹರಿಯುವ ಬೆಳಕು ಕಣ್ಣಿಗೆ ಕಾಣದ ಲೇಸರ್ ಆದ್ದರಿಂದ ಬಗ್ಗಿ ನೋಡಲೂಬಾರದು. ಲೈನ್‌ಮನ್‌ಗೆ ಹೇಳಿ ಉದ್ದದ ಪ್ಯಾಚ್ ಕಾರ್ಡ್ ಹಾಕಿಸಿಕೊಳ್ಳಿ. ನಮ್ಮ ಮನೆಗೆ ಬಂದ ಹುಡುಗ ಮೊದಲು ‘ಇಲ್ಲೇ ಇರ್ಲಿ ಬಿಡಿ ಸಾರ್, ಪ್ಲಗ್ ಪಾಯಿಂಟು ಇಲ್ಲೇ ಐತಲ್ಲ’ ಎಂದ. ನಕ್ಷೆಯ ಹಾಳೆ ತೋರಿಸಿದ ಮೇಲೆ ತಾನೇ ನಡುಮನೆಯ ಬಾಗಿಲ ಮೇಲ್ಪಟ್ಟಿಯ ಪಕ್ಕ ಜಾಗ ಹುಡುಕಿ, ಹತ್ತು ಮೀಟರಿನ ತಂತಿ ಎಳೆದುಕೊಟ್ಟ. ಅದೊಂದರಿಂದಲೇ ಹಿಂದಿನ ಕೋಣೆ −83ರಿಂದ −70ಕ್ಕೆ ಬಂತು.

2.4 ಮತ್ತು 5: ಎರಡು ದಾರಿಗಳು

ಈಗಿನ ರೂಟರ್‌ಗಳು ಬಹುಪಾಲು ಎರಡು ತರಂಗ ಪಟ್ಟಿಗಳಲ್ಲಿ (ಬ್ಯಾಂಡ್) ಮಾತಾಡುತ್ತವೆ. 2.4 ಗಿಗಾಹರ್ಟ್ಸ್ ಅಲೆ ಗೋಡೆಯನ್ನು ಚೆನ್ನಾಗಿ ದಾಟುತ್ತದೆ, ದೂರ ಹೋಗುತ್ತದೆ, ಆದರೆ ನೆರೆಮನೆಯ ರೂಟರ್, ಬ್ಲೂಟೂತ್, ಮೈಕ್ರೋವೇವ್ ಒಲೆ ಎಲ್ಲವೂ ಅಲ್ಲೇ ಗದ್ದಲವೆಬ್ಬಿಸುತ್ತವೆ. 5 ಗಿಗಾಹರ್ಟ್ಸ್ ವೇಗದ್ದು, ಗದ್ದಲ ಕಡಿಮೆ, ಆದರೆ ದಪ್ಪ ಗೋಡೆಯೆದುರು ಬೇಗ ಸೋಲುತ್ತದೆ. ಭಾರತದಲ್ಲಿ 2018ರ ಅಕ್ಟೋಬರ್‌ನಲ್ಲಿ ಈ ಪಟ್ಟಿಯ 605 ಮೆಗಾಹರ್ಟ್ಸ್‌ನಷ್ಟು ಭಾಗ ಪರವಾನಗಿಯಿಂದ ಮುಕ್ತವಾದ್ದರಿಂದ ಅಲ್ಲಿ ಜಾಗ ಧಾರಾಳವಾಗಿದೆ.

ಕೆಲವು ರೂಟರ್‌ಗಳು ಎರಡಕ್ಕೂ ಒಂದೇ ಹೆಸರಿಟ್ಟು, ಯಾವುದಕ್ಕೆ ಸೇರಬೇಕೆಂಬುದನ್ನು ತಾವೇ ನಿರ್ಧರಿಸಲು ಹೊರಡುತ್ತವೆ. ನನ್ನ ಅನುಭವದಲ್ಲಿ ಕಂಪನಿ ಕೊಟ್ಟ ಪೆಟ್ಟಿಗೆಗಳ ತೀರ್ಮಾನ ನಂಬಿಕೆಗೆ ಅರ್ಹವಲ್ಲ. ಹೆಸರುಗಳನ್ನು ಬೇರೆ ಮಾಡಿ, ಪಡಸಾಲೆಯ ಟಿವಿ, ಹತ್ತಿರದ ಲ್ಯಾಪ್‌ಟಾಪ್‌ಗಳನ್ನು 5ಕ್ಕೂ, ಹಿಂದಿನ ಕೋಣೆಯ ಫೋನ್, ಕ್ಯಾಮೆರಾ, ಸ್ಮಾರ್ಟ್ ಪ್ಲಗ್‌ಗಳನ್ನು 2.4ಕ್ಕೂ ಸೇರಿಸಿ. ವೈಫೈನಲ್ಲಿ ಎಲ್ಲರೂ ಸರದಿಯಲ್ಲಿ ಮಾತಾಡಬೇಕಾದ್ದರಿಂದ, ದೂರದಲ್ಲಿ ತೊದಲುವ ಒಂದು ಹಳೆಯ ಫೋನ್ ಉಳಿದವರ ಸಮಯವನ್ನೂ ತಿನ್ನುತ್ತದೆ. ಈ ವಿಂಗಡಣೆಯಿಂದ ಆ ಕಾಟ ತಪ್ಪುತ್ತದೆ.

ಸೆಟ್ಟಿಂಗ್ ಪುಟ ತೆರೆಯಲು ಬ್ರೌಸರಿನಲ್ಲಿ 192.168.1.1 ಅಥವಾ 192.168.0.1 ಎಂದು ಹಾಕಿ. ನಿಮ್ಮ ಪೆಟ್ಟಿಗೆಯ ವಿಳಾಸ ಮತ್ತು ಪಾಸ್‌ವರ್ಡ್ ಅದರ ತಳದ ಚೀಟಿಯಲ್ಲಿ ಇರುತ್ತದೆ. ಯಾವುದನ್ನೂ ಮುಟ್ಟುವ ಮೊದಲು ಪ್ರತಿ ಪುಟದ ಫೋಟೋ ತೆಗೆದುಕೊಳ್ಳಿ. 2.4ರಲ್ಲಿ ಚಾನಲ್ 1, 6, 11 ಈ ಮೂರರಲ್ಲಿ ಒಂದನ್ನು ಮಾತ್ರ ಆರಿಸಿ: ಚಾನಲ್‌ಗಳ ನಡುವಿನ ಅಂತರ 5 ಮೆಗಾಹರ್ಟ್ಸ್, ಒಂದು ಸಂಪರ್ಕಕ್ಕೆ ಬೇಕಾದ ಅಗಲ 20 ಮೆಗಾಹರ್ಟ್ಸ್, ಆದ್ದರಿಂದ ಈ ಮೂರು ಮಾತ್ರ ಒಂದನ್ನೊಂದು ತುಳಿಯುವುದಿಲ್ಲ. ಅನಲೈಸರಿನಲ್ಲಿ ನೋಡಿ ನೆರೆಯವರು ಕಡಿಮೆ ಇರುವುದನ್ನು ಹಿಡಿಯಿರಿ, ಅಗಲವನ್ನು 20ಕ್ಕೇ ನಿಲ್ಲಿಸಿ. 5ರಲ್ಲಿ 36ರಿಂದ 48ರವರೆಗಿನ ಚಾನಲ್‌ಗಳು ನಿಶ್ಚಿಂತೆಯವು; 52ರಿಂದ 144ರ ನಡುವಿನವುಗಳಲ್ಲಿ ರಡಾರ್ ಸದ್ದು ಕೇಳಿದೆಯೆಂದು ಅನಿಸಿದರೆ ರೂಟರ್ ಕೂಡಲೇ ಜಾಗ ಖಾಲಿ ಮಾಡಬೇಕೆಂಬ ನಿಯಮವಿರುವುದರಿಂದ ಆಗಾಗ ಕಡಿತವಾಗಬಹುದು. ಭದ್ರತೆಗೆ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಇರಲಿ.

ಒಂದು ಎಚ್ಚರಿಕೆ ಮಾತ್ರ ಗಟ್ಟಿಯಾಗಿ ಹೇಳಬೇಕು. ಪೆಟ್ಟಿಗೆಯ ಹಿಂದಿನ ಸಣ್ಣ ತೂತಿಗೆ ಪಿನ್ನು ಚುಚ್ಚಿ ರೀಸೆಟ್ ಮಾಡಬೇಡಿ. ಲೈನಿಗೆ ಸೇರಲು ಕಂಪನಿ ಹಾಕಿಕೊಟ್ಟ ಪಿಪಿಪಿಒಇ ಹೆಸರು, ಪಾಸ್‌ವರ್ಡ್, ವಿಲ್ಯಾನ್ ಸಂಖ್ಯೆಗಳೂ ಅದರೊಂದಿಗೆ ಅಳಿಸಿಹೋಗಿ, ಲೈನ್‌ಮನ್ ಬರುವವರೆಗೆ ಮನೆಯಲ್ಲಿ ಇಂಟರ್‌ನೆಟ್ಟೇ ಇಲ್ಲವಾಗಬಹುದು. ಆರಿಸಿ ಮತ್ತೆ ಹಾಕುವುದು ಬೇರೆ, ಇದು ಬೇರೆ.

ಕೇಬಲ್ ಎಳೆದು ಎರಡನೆಯ ರೂಟರ್ ಇಡುವುದು

ಜಾಗ, ಚಾನಲ್ ಎರಡನ್ನೂ ಸರಿಪಡಿಸಿದ ಮೇಲೂ ಒಂದು ಕೋಣೆ −70ರ ಆಚೆಯೇ ಉಳಿದರೆ ಹಣ ಹಾಕುವ ಹೊತ್ತು ಬಂತು. ನನ್ನ ಮಟ್ಟಿಗೆ ಮೊದಲ ಆಯ್ಕೆ ಕೇಬಲ್ಲೇ. ಕ್ಯಾಟ್ 5ಇ ಅಥವಾ ಕ್ಯಾಟ್ 6 ಕೇಬಲ್ 100 ಮೀಟರ್‌ವರೆಗೆ ಸೆಕೆಂಡಿಗೆ 1 ಗಿಗಾಬಿಟ್ ಒಯ್ಯುತ್ತದೆ, ಅದಕ್ಕೆ ಗೋಡೆಯೂ ಇಲ್ಲ, ಮಳೆಯೂ ಇಲ್ಲ. ಅಂಗಡಿಯಲ್ಲಿ ಅಪ್ಪಟ ತಾಮ್ರದ ಕೇಬಲ್ ಎಂದು ಕೇಳಿ ಕೊಳ್ಳಿ. ಅಗ್ಗದವುಗಳಲ್ಲಿ ಅಲ್ಯುಮಿನಿಯಂ ಎಳೆಗೆ ತಾಮ್ರದ ಲೇಪವಷ್ಟೇ ಇರುತ್ತದೆ, ಬಾಗಿಸಿದಲ್ಲಿ ಕಡಿಯುತ್ತದೆ. ಕರೆಂಟಿನ ವೈರ್ ಇರುವ ಪೈಪಿನೊಳಗೇ ಇದನ್ನು ತೂರಿಸಬೇಡಿ. ಹಂಚಿನ ಮನೆಯಾದರೆ ಅಟ್ಟದ ಮೇಲಿಂದ ಒಯ್ಯುವುದು ಸುಲಭ, ಇಲಿ ಕಡಿಯದಂತೆ ಪಿವಿಸಿ ಪೈಪಿನೊಳಗೆ.

ಬೀರುವಿನಲ್ಲಿ ಮಲಗಿರುವ ಹಳೆಯ ರೂಟರ್ ಇದ್ದರೆ ಅದೇ ಸಾಕು. ಲ್ಯಾಪ್‌ಟಾಪನ್ನು ಅದಕ್ಕೆ ಮಾತ್ರ ಜೋಡಿಸಿ ಸೆಟ್ಟಿಂಗ್ ಪುಟ ತೆರೆಯಿರಿ. ಆ್ಯಕ್ಸೆಸ್ ಪಾಯಿಂಟ್ ಮೋಡ್ ಎಂದಿದ್ದರೆ ಅದನ್ನೇ ಆಯ್ಕೆ ಮಾಡಿಬಿಡಿ, ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದೆ. ಇಲ್ಲದಿದ್ದರೆ ಕೈಯಾರೆ ಮಾಡಬೇಕು: ಮುಖ್ಯ ರೂಟರ್ ಮನೆಯ ಸಾಧನಗಳಿಗೆ ಐಪಿ ವಿಳಾಸಗಳನ್ನು ಯಾವ ಸಂಖ್ಯೆಯಿಂದ ಯಾವ ಸಂಖ್ಯೆಯವರೆಗೆ ಹಂಚುತ್ತದೆಂದು ನೋಡಿ, ಅದರ ಹೊರಗಿನ ಒಂದು ವಿಳಾಸವನ್ನು, ಉದಾಹರಣೆಗೆ ಹಂಚಿಕೆ 200ಕ್ಕೆ ಮುಗಿದರೆ 192.168.1.250 ಎಂದು, ಹಳೆಯ ರೂಟರಿಗೆ ಕೊಟ್ಟು, ಆಮೇಲೆ ಅದರಲ್ಲಿ ವಿಳಾಸ ಹಂಚುವ ಡಿಎಚ್‌ಸಿಪಿಯನ್ನು ಆಫ್ ಮಾಡಿ. ಇದನ್ನು ಮರೆತರೆ ಒಂದೇ ಮನೆಯಲ್ಲಿ ಇಬ್ಬರು ಯಜಮಾನರು ವಿಳಾಸ ಹಂಚಲು ಕೂತಂತಾಗಿ, ಕೆಲವು ಫೋನ್‌ಗಳಿಗೆ ನೆಟ್ ಸಿಗುತ್ತದೆ, ಕೆಲವಕ್ಕೆ ಇಲ್ಲ, ಕಾರಣ ಮಾತ್ರ ಯಾರಿಗೂ ಹೊಳೆಯುವುದಿಲ್ಲ. ನಂತರ ಮುಖ್ಯ ರೂಟರಿನ ಲ್ಯಾನ್ ಪೋರ್ಟಿನಿಂದ ಬಂದ ಕೇಬಲನ್ನು ಇದರ ಲ್ಯಾನ್ ಪೋರ್ಟಿಗೇ ಚುಚ್ಚಿ. ಹೊರಗಿನ ಲೈನಿಗೆಂದು ಇರುವ, ಬೇರೆ ಬಣ್ಣದ ವ್ಯಾನ್ ಪೋರ್ಟು ಖಾಲಿ ಇರಲಿ. ಮುಖ್ಯ ರೂಟರ್ ಚಾನಲ್ 1ರಲ್ಲಿದ್ದರೆ ಇದು 11ರಲ್ಲಿರಲಿ. ಹೆಸರು, ಪಾಸ್‌ವರ್ಡ್ ಎರಡರಲ್ಲೂ ಒಂದೇ ಇಟ್ಟರೆ ಫೋನ್ ತಾನೇ ದಾಟಿಕೊಳ್ಳುತ್ತದೆ. ಆದರೆ ದೂರದ ರೂಟರನ್ನೇ ಹಟದಿಂದ ಕಚ್ಚಿಕೊಂಡಿರುವ ಫೋನ್‌ಗಳೂ ಇವೆ, ಅಂಥವರ ಮನೆಯಲ್ಲಿ ಹೆಸರು ಬೇರೆ ಇರುವುದೇ ಲೇಸು. ನಮ್ಮ ಹಿಂದಿನ ಕೋಣೆಯ ಅಂಕಿ ಈಗ −46.

ರಿಪೀಟರ್ ಮತ್ತು ಮೆಶ್

ಕೇಬಲ್ ಎಳೆಯಲು ಸಾಧ್ಯವೇ ಇಲ್ಲದ ಬಾಡಿಗೆ ಮನೆಯಂಥಲ್ಲಿ, ವೈಫೈ ಸಿಗ್ನಲನ್ನು ಕೇಳಿ ಮುಂದಕ್ಕೆ ಕಳಿಸುವ ರಿಪೀಟರ್ ಬಳಸಬಹುದು. ಒಂದೇ ರೇಡಿಯೋದಲ್ಲಿ ಕೇಳಿ ಅದರಲ್ಲೇ ಮರುಕಳಿಸುವ ಅಗ್ಗದ ರಿಪೀಟರ್ ವೇಗವನ್ನು ಅರ್ಧ ಅಥವಾ ಅದಕ್ಕಿಂತ ಕಡಿಮೆ ಮಾಡುತ್ತದೆ. ಅದನ್ನು ಸಿಗ್ನಲ್ ಸತ್ತ ಕೋಣೆಯಲ್ಲಿ ಚುಚ್ಚುವವರೇ ಹೆಚ್ಚು; ಕೇಳಿಸದವನಿಂದ ಮಾತು ತಲುಪಿಸಿದಂತೆ. ಸಿಗ್ನಲ್ −60ರಿಂದ −65 ಇರುವ ನಡುದಾರಿಯಲ್ಲಿ ಇಡಬೇಕು. ಎರಡು ಮೂರು ಪೆಟ್ಟಿಗೆಗಳ ಮೆಶ್ ಸೆಟ್ (ಒಂದಕ್ಕೊಂದು ಹೊಂದಿಕೊಂಡು ಒಂದೇ ವೈಫೈ ಆಗಿ ನಡೆಯುವ ಪೆಟ್ಟಿಗೆಗಳು) ಕೊಳ್ಳುವವರೂ, ಅವುಗಳ ನಡುವೆ ಕೇಬಲ್ ಹಾಕಲು ಅವಕಾಶವಿದ್ದರೆ ಹಾಕಿಯೇ ಬಿಡಬೇಕು.

ತೋಟದ ಮನೆ, ಕರೆಂಟು ಮತ್ತು ಸಿಡಿಲು

ಆಲ್ದೂರು, ಮೂಡಿಗೆರೆ ಕಡೆಯ ತೋಟಗಳಲ್ಲಿ ಮನೆಯಿಂದ ಕಾಫಿ ಕಣದ ಆಫೀಸಿಗೆ ವೈಫೈ ಬೇಕೆನ್ನುವವರಿದ್ದಾರೆ. ನಡುವೆ ಮರವಿಲ್ಲದೆ ಕಣ್ಣಿಗೆ ಕಟ್ಟಡ ಕಾಣುವಂತಿದ್ದರೆ ಎದುರುಬದುರು ಕೂರಿಸಿ ತಂತಿಯಿಲ್ಲದೆ ಎರಡು ಕಟ್ಟಡ ಬೆಸೆಯುವ 5 ಗಿಗಾಹರ್ಟ್ಸ್ ಬ್ರಿಡ್ಜ್ ಜೋಡಿ ಸಾಕು. ಮಳೆಯಲ್ಲಿ ತೊಯ್ದ ಎಲೆಗಳ ನಡುವೆ ಅದು ನಡೆಯದು. ಮರಗಳಿದ್ದರೆ ಫೈಬರ್ ತಂತಿ ಎಳೆದು ಎರಡೂ ತುದಿಗೆ ಫೈಬರನ್ನು ಈಥರ್‌ನೆಟ್ಟಿಗೆ ಹೊಂದಿಸುವ ಮೀಡಿಯಾ ಕನ್ವರ್ಟರ್ ಹಾಕುವುದು ಸರಿಯಾದ ಕ್ರಮ. ತಾಮ್ರದ ಈಥರ್‌ನೆಟ್ ಕೇಬಲನ್ನು ಬಯಲಿನಲ್ಲಿ ಮರದಿಂದ ಮರಕ್ಕೆ ಕಟ್ಟುವುದು ಬೇಡ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಹತ್ತಿರ ಎಲ್ಲೋ ಸಿಡಿಲು ಬಿದ್ದರೂ ಅದರ ಹೊಡೆತ ಕೇಬಲಿನಲ್ಲಿ ಹರಿದು ಎರಡೂ ತುದಿಯ ಪೋರ್ಟುಗಳನ್ನು ಸುಡುತ್ತದೆ.

ಕರೆಂಟು ಹೋಗಿ ಇನ್ವರ್ಟರ್ ಹಿಡಿಯುವ ಕ್ಷಣಮಾತ್ರದಲ್ಲಿ ರೂಟರ್ ಆರಿ, ಮತ್ತೆ ಏಳಲು ಎರಡು ಮೂರು ನಿಮಿಷ ತೆಗೆದುಕೊಳ್ಳುವುದೂ ‘ವೈಫೈ ಸರಿಯಿಲ್ಲ’ ಎಂಬ ದೂರಿನಲ್ಲಿ ಸೇರಿಹೋಗಿರುತ್ತದೆ. ಅದಕ್ಕೆ ರೂಟರಿಗೆಂದೇ ಸಿಗುವ ಚಿಕ್ಕ ಡಿಸಿ ಯುಪಿಎಸ್ ಪರಿಹಾರ. ಅಡಾಪ್ಟರಿನ ಮೇಲೆ ಬರೆದ ವೋಲ್ಟ್ ಯುಪಿಎಸ್‌ನ ವೋಲ್ಟಿಗೆ ಸರಿಯಾಗಿ ಹೊಂದಬೇಕು. ಯುಪಿಎಸ್‌ನ ಆಂಪಿಯರ್ ಅಡಾಪ್ಟರಿನದಷ್ಟೇ ಅಥವಾ ಹೆಚ್ಚಿರಬಹುದು, ಕಡಿಮೆಯಿರಬಾರದು. ಫೈಬರ್ ಪೆಟ್ಟಿಗೆ, ರೂಟರ್ ಬೇರೆ ಬೇರೆಯಾಗಿದ್ದರೆ ಎರಡಕ್ಕೂ ಬೇಕು.

ಸಿಡಿಲಿನ ಮೋಡ ಕವಿದಾಗ ಸ್ವಿಚ್ ಆರಿಸಿದರೆ ಸಾಲದು. ಅಡಾಪ್ಟರನ್ನು ಪ್ಲಗ್ಗಿನಿಂದ ಕಿತ್ತು, ಈಥರ್‌ನೆಟ್ ಕೇಬಲುಗಳನ್ನೂ ಪೋರ್ಟಿನಿಂದ ಬಿಡಿಸಿ ಒಂದು ಅಡಿ ದೂರ ಇಡಿ. ಗಾಜಿನ ಫೈಬರ್ ವಿದ್ಯುತ್ತನ್ನು ಒಯ್ಯುವುದಿಲ್ಲ, ಆದರೆ ಅದರ ಜತೆಗೆ ಕಂಬದಿಂದ ಬರುವ ಉಕ್ಕಿನ ಆಸರೆ ತಂತಿ ಒಯ್ಯುತ್ತದೆ. ಆ ತಂತಿಯನ್ನು ಹೊರಗೋಡೆಯ ಕೊಕ್ಕೆಯಲ್ಲೇ ಕತ್ತರಿಸಿ, ಒಳಗೆ ಫೈಬರ್ ಮಾತ್ರ ಬರುವಂತೆ ಮಾಡಿಕೊಡಲು ಲೈನ್‌ಮನ್‌ಗೆ ಮಳೆ ಹಿಡಿಯುವ ಮೊದಲೇ ಹೇಳಿ.